ಲಿಂಕನ್ ಹಾಕಿದ ದಿಗ್ಬಂಧನಕ್ಕೂ ಧಾರವಾಡದ ಹತ್ತಿಗೂ ಏನು ಸಂಬಂಧ?

ಧಾರವಾಡದಲ್ಲಿದ್ದು ಕೆಎಎಸ್‌ಗೆ ಓದುತ್ತಿದ್ದೀರಿ. ಅಮೆರಿಕದ ಅಧ್ಯಕ್ಷ ಲಿಂಕನ್ ಕಾಲದ ಅಂತರ್ಯುದ್ಧದಿಂದಲೇ ನಮ್ಮ ಕಡೆ ಅಮೆರಿಕದ ಹತ್ತಿ ಬಂತು ಎಂದು ಯಾರೋ ಹೇಳಿದ್ದು ನಿಜವೇ, ಆ ಯುದ್ಧದ ತಿರುವು ಎಂದು ಯಾವುದನ್ನು ಬರೆಯಬೇಕು ಎಂದು ಕೇಳಿದ್ದೀರಿ. ಎರಡೂ ಪ್ರಶ್ನೆ ಒಂದೇ ಕಡೆ ಹೋಗಿ ಸೇರುತ್ತವೆ, ಹಾಗಾಗಿ ಒಟ್ಟಿಗೇ ಉತ್ತರಿಸುತ್ತೇನೆ.

ಮೊದಲನೆಯದು ನಿಜವಲ್ಲ. ಯುದ್ಧ ಶುರುವಾಗುವ ಸುಮಾರು 20 ವರ್ಷ ಮೊದಲೇ ಬೀಜ ಬಂದಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿತು. ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ದೇಶದ ಹಲವು ಕಡೆ ಬಿತ್ತಿ ನೋಡಿದರು. ಗುಜರಾತಿನಲ್ಲಿ, ಖಾನದೇಶದಲ್ಲಿ ಅದು ಹಿಡಿಯಲಿಲ್ಲ. ಹುಬ್ಬಳ್ಳಿ, ನವಲಗುಂದ, ಗದಗದ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ನಿಂತಿತು. ಆಗ ಲಿಂಕನ್ ಇನ್ನೂ ಇಲಿನಾಯ್ ರಾಜ್ಯದಲ್ಲಿ ವಕೀಲಿ ಮಾಡುತ್ತಿದ್ದರು. ಈ ಹೊಸ ತಳಿಗೆ ನಮ್ಮವರು ವಿಲಾಯತಿ ಹತ್ತಿ ಎಂದರು, ಪೇಟೆಯಲ್ಲಿ ಅದು ಧಾರವಾಡ-ಅಮೆರಿಕನ್ ಆಯಿತು. ಇಲ್ಲಿನ ಜವಾರಿ ಹತ್ತಿಗೆ ಮುಂಬಯಿ ಪೇಟೆಯಲ್ಲಿದ್ದ ಹೆಸರು ಕುಮಟಾ. ಕುಮಟೆಯಲ್ಲಿ ಬೆಳೆದದ್ದಲ್ಲ, ಕುಮಟೆ ಬಂದರಿನಿಂದ ಹಡಗು ಹತ್ತಿದ್ದು.

ಬೀಜದ ಜೊತೆಗೆ ಒಂದು ಯಂತ್ರವೂ ಬರಬೇಕಾಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಮೆರಿಕದ ಗುಲಾಮಗಿರಿಯ ಕಥೆಯೂ ಅದೇ ಯಂತ್ರದೊಳಗಿದೆ. ಜವಾರಿ ಹತ್ತಿಯನ್ನು ಇಲ್ಲಿ ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಹರವಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿ ಕಾಳು ಬೇರೆ ಮಾಡುತ್ತಿದ್ದರು. ವಿಲಾಯತಿ ಹತ್ತಿಯ ಅರಳೆ ಕಾಳಿಗೆ ಬಿಗಿಯಾಗಿ ಅಂಟಿರುತ್ತದೆ, ಸಲಾಕೆಗೆ ಬಗ್ಗುವುದಿಲ್ಲ. ಅದಕ್ಕೆ ಗರಗಸದ ಜಿನ್, ಅಂದರೆ ಕಾಳು ಬಿಡಿಸುವ ಯಂತ್ರ, ಬೇಕು. ಒಂದೇ ಅಚ್ಚಿನ ಮೇಲೆ ದುಂಡನೆಯ ಗರಗಸಗಳ ಸಾಲು, ಅವುಗಳ ನಡುವೆ ಕಬ್ಬಿಣದ ಪಟ್ಟಿಗಳು. ಹಲ್ಲುಗಳು ಅರಳೆಯನ್ನು ಪಟ್ಟಿಗಳ ಸಂದಿಯಿಂದ ಎಳೆದುಕೊಳ್ಳುತ್ತವೆ, ಸಂದಿಯಲ್ಲಿ ತೂರಲಾಗದ ಕಾಳು ಈಚೆಗೇ ಉದುರುತ್ತದೆ, ಹಿಂದಿನ ಬ್ರಷ್ ಅರಳೆಯನ್ನು ಬಿಡಿಸುತ್ತದೆ. ಎಲಿ ವಿಟ್ನಿ ಇದರ ಮೊದಲ ರೂಪಕ್ಕೆ ಪೇಟೆಂಟ್ ಪಡೆದದ್ದು 1794ರಲ್ಲಿ. ಕಾಳು ಬಿಡಿಸುವ ಕೆಲಸ ಹಗುರವಾದ ಕೂಡಲೇ ಹೊಲ ಹಿಗ್ಗಿತು, ಹೊಲಕ್ಕೆ ಕೈಗಳು ಬೇಕಾದವು. ಅಮೆರಿಕದ ಜನಗಣತಿಯಲ್ಲಿ 1790ಕ್ಕೆ ಗುಲಾಮರ ಸಂಖ್ಯೆ ಸುಮಾರು 7 ಲಕ್ಷ, 1860ಕ್ಕೆ 39 ಲಕ್ಷ ದಾಟಿತ್ತು. ಯಂತ್ರ ಬಂದರೆ ದುಡಿಯುವವರ ಹೊರೆ ಇಳಿಯುತ್ತದೆ ಎಂದು ಉತ್ತರದಲ್ಲಿ ಬರೆಯುವ ಮೊದಲು ಈ ಎರಡು ಅಂಕಿ ನೆನಪಿಸಿಕೊಳ್ಳಿ.

ಇನ್ನು ದಿಗ್ಬಂಧನ. ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಪಡೆ ಅಮೆರಿಕ ಸರ್ಕಾರದ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿಸಿದ್ದು 1861ರ ಏಪ್ರಿಲ್ 12ರಂದು. ಏಪ್ರಿಲ್ 19ಕ್ಕೆ ಲಿಂಕನ್ ದಕ್ಷಿಣದ ಬಂದರುಗಳನ್ನು ಮುಚ್ಚುವ ಘೋಷಣೆ ಹೊರಡಿಸಿದರು. ಬ್ರಿಟನ್ನಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದ್ದೇ. ದಕ್ಷಿಣದ ನಾಯಕರ ಲೆಕ್ಕಾಚಾರವೂ ಇದೇ ಆಗಿತ್ತು: ಹತ್ತಿ ನಿಂತರೆ ಬ್ರಿಟನ್ನಿನ ಗಿರಣಿ ಸೀಮೆಯಾದ ಲಂಕಾಷೈರ್ ಹಸಿಯುತ್ತದೆ, ಹಸಿದ ಬ್ರಿಟನ್ ತಮ್ಮನ್ನು ಪ್ರತ್ಯೇಕ ದೇಶವೆಂದು ಒಪ್ಪುತ್ತದೆ. ದಿಗ್ಬಂಧನ ಬಿಗಿಯಾಗುವ ಮೊದಲೇ ತಾವೇ ಹತ್ತಿ ಕಳಿಸುವುದನ್ನು ತಡೆಹಿಡಿದರು. ಅದು ದೊಡ್ಡ ತಪ್ಪಾಯಿತು. ಹಿಂದಿನ ವರ್ಷಗಳ ಭರ್ತಿ ಬೆಳೆಯಿಂದ ಬ್ರಿಟನ್ನಿನ ಗೋದಾಮುಗಳು ತುಂಬಿದ್ದವು, ಹಾಗಾಗಿ ಹಸಿವು ಅವರು ಎಣಿಸಿದ ಹೊತ್ತಿಗೆ ಬರಲಿಲ್ಲ, ಒಂದು ವರ್ಷ ತಡವಾಗಿ ಬಂತು.

ಆ ಒಂದು ವರ್ಷದಲ್ಲಿ ನಮ್ಮ ಹೊಲದಲ್ಲಿ ಏನಾಯಿತು ನೋಡಿ. ಇಲ್ಲಿ ಹತ್ತಿ ಬಿತ್ತುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ, ಬಿಡಿಸುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಏಪ್ರಿಲ್ 1861ರ ಘೋಷಣೆಯ ಹೊತ್ತಿಗೆ ಆ ವರ್ಷದ ಬೆಳೆ ಮುಗಿದಿತ್ತು. ತಂತಿ ಸಂಪರ್ಕ ಇರಲಿಲ್ಲ, ಬ್ರಿಟನ್ನಿನಿಂದ ಭಾರತಕ್ಕೆ ತಂತಿ ಬಂದದ್ದು 1865ರಲ್ಲಿ. ಟಪಾಲು ಹಡಗು ಸುದ್ದಿ ತರಲು ತಿಂಗಳು. ಆ ಸುದ್ದಿ ಕೇಳಿ ಹೆಚ್ಚಿಗೆ ಬಿತ್ತಿದ ಹತ್ತಿ ಕೈಗೆ ಬಂದದ್ದು 1862ರ ಸುಗ್ಗಿಗೆ. ಅದನ್ನು ಚಕ್ಕಡಿಯಲ್ಲಿ ಹೇರಿ, ಘಟ್ಟ ಇಳಿಸಿ, ಮಳೆಗಾಲಕ್ಕೆ ಬಂದರು ಮುಚ್ಚುವ ಮೊದಲು ಕುಮಟೆಯಲ್ಲಿ ಹಡಗಿಗೆ ಹಾಕಬೇಕು. ಮುಂಬಯಿಯಲ್ಲಿ ಒತ್ತಿ ಬೇಲು ಕಟ್ಟಬೇಕು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಆದ್ದರಿಂದ ಆಫ್ರಿಕಾ ಸುತ್ತಿ ಸುಮಾರು ನಾಲ್ಕು ತಿಂಗಳು. ಎಲ್ಲ ಕೂಡಿಸಿ: ದಿಗ್ಬಂಧನದ ನಂತರ ಬಿತ್ತಿದ ಮೊದಲ ಹತ್ತಿ ಬ್ರಿಟನ್ನಿನ ಹತ್ತಿ ಬಂದರಾದ ಲಿವರ್‌ಪೂಲಿಗೆ ಮುಟ್ಟಿದ್ದು 1862ರ ಶರತ್ಕಾಲಕ್ಕೆ.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರವೂ ಅದೇ ತಿಂಗಳುಗಳು. ಹೆಚ್ಚಿನವರು ದಕ್ಷಿಣದವರು ಸೋತ 1863ರ ಜುಲೈಯ ಗೆಟಿಸ್‌ಬರ್ಗ್ ಕದನ ಬರೆಯುತ್ತಾರೆ. ರಣರಂಗದ ಮಟ್ಟಿಗೆ ಅದು ಸರಿ, ಅದರ ಜೊತೆ ಜುಲೈ 4ರಂದು ಶರಣಾದ ದಕ್ಷಿಣದ ಊರು ವಿಕ್ಸ್‌ಬರ್ಗನ್ನೂ ಸೇರಿಸಿದರೆ ಇನ್ನೂ ಸರಿ. ಆದರೆ ಪ್ರಶ್ನೆ ಜಗತ್ತಿನ ಇತಿಹಾಸದ್ದಾದರೆ 1862ರ ಕೊನೆಯ ನಾಲ್ಕು ತಿಂಗಳನ್ನು ಬರೆಯಿರಿ. ಸೆಪ್ಟೆಂಬರ್ 17ರ ಆಂಟೀಟಮ್ ಕದನದಲ್ಲಿ ದಕ್ಷಿಣದ ಸೇನಾಪತಿ ಜನರಲ್ ಲೀ ಅವರ ಮುನ್ನಡೆ ನಿಂತಿತು. ಐದು ದಿನ ಬಿಟ್ಟು, ಸೆಪ್ಟೆಂಬರ್ 22ರಂದು, ಲಿಂಕನ್ ಗುಲಾಮರ ವಿಮೋಚನೆಯ ಮುನ್ಸೂಚನೆ ಹೊರಡಿಸಿದರು. ಲಂಡನ್ನಿನಲ್ಲಿ ಪ್ರಧಾನಿ ಪಾಮರ್‌ಸ್ಟನ್ ಅವರ ಮಂತ್ರಿಮಂಡಲ ಎರಡೂ ಕಡೆಯ ನಡುವೆ ಮಧ್ಯಸ್ಥಿಕೆ ವಹಿಸುವ ಮಾತಾಡುತ್ತಿತ್ತು. ಮಧ್ಯಸ್ಥಿಕೆ ಎಂದರೆ ದಕ್ಷಿಣಕ್ಕೆ ಅರ್ಧ ಮಾನ್ಯತೆ ಕೊಟ್ಟಂತೆಯೇ. ನವೆಂಬರಿನಲ್ಲಿ ಅದನ್ನು ಕೈಬಿಟ್ಟರು. ಗಿರಣಿ ಜಿಲ್ಲೆಗಳಲ್ಲಿ ಸುಮಾರು 5 ಲಕ್ಷ ಜನ ಪರಿಹಾರದ ಅನ್ನ ಉಣ್ಣುತ್ತಿದ್ದದ್ದು ಆ ಚಳಿಗಾಲದಲ್ಲೇ, ಅಷ್ಟಾದರೂ ಮ್ಯಾಂಚೆಸ್ಟರಿನ ಕಾರ್ಮಿಕರು ಡಿಸೆಂಬರ್ 31ರಂದು ಸಭೆ ಸೇರಿ ಲಿಂಕನ್‌ಗೆ ಬೆಂಬಲದ ಪತ್ರ ಬರೆದರು. ಜನವರಿ 19ಕ್ಕೆ ಲಿಂಕನ್ ಉತ್ತರಿಸಿದರು. ಹಸಿದವರು ತಮ್ಮ ಹೊಟ್ಟೆಗಿಂತ ಗುಲಾಮರ ಬಿಡುಗಡೆಯನ್ನು ಮುಂದಿಟ್ಟ ಈ ಪತ್ರವನ್ನು ನಿಮ್ಮ ಉತ್ತರದಲ್ಲಿ ಬಿಡಬೇಡಿ. ಹಾಗೆಯೇ ಭಾರತದ ಹತ್ತಿ ಪೇಟೆಗೆ ಬಂದು ಒತ್ತಡ ಸ್ವಲ್ಪ ಸಡಿಲವಾದದ್ದನ್ನೂ ಒಂದು ಸಾಲಿನಲ್ಲಿ ಹೇಳಿ. ಅದೊಂದೇ ಕಾರಣ ಎಂದು ಮಾತ್ರ ಬರೆಯಬೇಡಿ, ಅಂಕ ಹೋಗುತ್ತದೆ. ಇನ್ನೊಂದು ತಪ್ಪೂ ಪದೇ ಪದೇ ಆಗುತ್ತದೆ: ಆ ಮುನ್ಸೂಚನೆಯಂತೆ ಬಂದ 1863ರ ಜನವರಿ 1ರ ವಿಮೋಚನಾ ಘೋಷಣೆ ಎಲ್ಲ ಗುಲಾಮರನ್ನೂ ಬಿಡಿಸಲಿಲ್ಲ. ಅದು ಬಂಡೆದ್ದ ಪ್ರದೇಶಗಳಿಗೆ ಮಾತ್ರ. ಗುಲಾಮಗಿರಿ ಇದ್ದೂ ಉತ್ತರದ ರಾಜ್ಯಗಳ ಜೊತೆಗೇ ಉಳಿದಿದ್ದ ಕೆಂಟಕಿ, ಡೆಲವೇರ್‌ನಂಥ ರಾಜ್ಯಗಳಿಗೆ ಅನ್ವಯವಾಗಲಿಲ್ಲ. ದೇಶದಾದ್ಯಂತ ಗುಲಾಮಗಿರಿ ಹೋದದ್ದು 1865ರ ಡಿಸೆಂಬರಿನಲ್ಲಿ, ಅಮೆರಿಕ ಸಂವಿಧಾನದ 13ನೇ ತಿದ್ದುಪಡಿಯಿಂದ.

ನಮ್ಮ ಹತ್ತಿ ಅಲ್ಲಿ ಚೆನ್ನಾಗಿ ನಡೆಯಿತೇ? ಇಲ್ಲ. ಗಿರಣಿಯಲ್ಲಿ ಎಳೆ ಹಿಗ್ಗಿಸುವ ಜೋಡಿ ರೋಲರುಗಳ ಅಂತರವನ್ನು ಎಳೆಯ ಉದ್ದಕ್ಕೆ ಹೊಂದಿಸಿರುತ್ತಾರೆ. ಆರ್ಲಿಯನ್ಸ್ ಹತ್ತಿಗೆ ಹೊಂದಿಸಿದ ಯಂತ್ರಕ್ಕೆ ಗಿಡ್ಡ ಎಳೆಯ ಹತ್ತಿ ಹಾಕಿದರೆ, ಮುಂದಿನ ರೋಲರು ಹಿಡಿಯುವ ಮೊದಲೇ ಹಿಂದಿನದು ಬಿಟ್ಟಿರುತ್ತದೆ. ನೂಲು ಹರಿಯುತ್ತದೆ. ಕೆಲಸಗಾರರಿಗೆ ಕೂಲಿ ಮಾಡಿದಷ್ಟಕ್ಕೆ, ಹರಿದ ಪ್ರತಿ ನೂಲೂ ಅವರ ಕೂಲಿಗೇ ಕತ್ತರಿ. ಅದರ ಮೇಲೆ ಕಲಬೆರಕೆ: ದರ ಏರಿದ ಹಾಗೆ ಬೇಲಿನಲ್ಲಿ ಕಾಳು, ಎಲೆಚೂರು, ಮಣ್ಣು ಸೇರಿದವು, ತೂಕಕ್ಕೆ ನೀರು ಚಿಮುಕಿಸಿದರು, ಜವಾರಿಯನ್ನು ವಿಲಾಯತಿಯ ಜೊತೆ ಜಿನ್ನಿಗೆ ಹಾಕಿದರು. ಹಾಗೆ ಬೆರೆತ ಕಾಳೇ ಮುಂದಿನ ವರ್ಷ ಬೀಜವಾಯಿತು, ತಳಿ ಕೆಟ್ಟಿತು. ಗರಗಸದ ಹಲ್ಲು ಮೊಂಡಾದಾಗ ಸರಿಮಾಡದೆ ಓಡಿಸಿದ್ದರಿಂದ ಎಳೆ ತುಂಡಾಗುತ್ತಿತ್ತು. ಧಾರವಾಡದಲ್ಲಿ ಸರ್ಕಾರಿ ಜಿನ್ ಕಾರ್ಖಾನೆ ಇದ್ದದ್ದು ಜಿನ್ ಮಾಡುವುದಕ್ಕೂ, ಈ ರಿಪೇರಿಗೂ. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ವಂಚನೆ ತಡೆ ಕಾಯ್ದೆಯನ್ನೇ ತಂದಿತು.

ಎಲ್ಲಕ್ಕಿಂತ ದೊಡ್ಡ ಕೊರತೆ ದಾರಿಯದು. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕೂಡಿ ಕಟ್ಟಿದ ಹತ್ತಿ ಕಂಪನಿ ಧಾರವಾಡಕ್ಕೆಂದು ಕಾರವಾರದ ಬಳಿ ಸದಾಶಿವಗಡದಲ್ಲಿ ಯಂತ್ರ ಇಳಿಸಿದಾಗ ಘಟ್ಟ ಹತ್ತುವ ರಸ್ತೆ ಮುಗಿದಿರಲಿಲ್ಲ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಇದೇ ಗೋಳಿದೆ: ಹತ್ತಿ ಒಂದು ಪ್ರಾಂತದಲ್ಲಿ, ಅದರ ಬಂದರು ಇನ್ನೊಂದರಲ್ಲಿ.

1865ರ ಏಪ್ರಿಲ್ 9ರಂದು ಲೀ ಶರಣಾದರು, 15ರಂದು ಲಿಂಕನ್ ಗುಂಡೇಟಿನಿಂದ ತೀರಿಕೊಂಡರು. ಯುದ್ಧದ ನಡುವೆ ಮೂರು ಪಟ್ಟಿಗೂ ಮೇಲೆ ಹೋಗಿದ್ದ ಲಿವರ್‌ಪೂಲ್ ದರ ಬಿತ್ತು, ನಡುವೆ ಒಮ್ಮೆ ಎದ್ದರೂ 1867ರ ಕೊನೆಯ ಹೊತ್ತಿಗೆ ಹಳೇ ಮಟ್ಟದ ಹತ್ತಿರಕ್ಕೆ ಬಂದಿತ್ತು. ಮುಂಬಯಿಯಲ್ಲಿ ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್ ಅವರಂಥ ದೊಡ್ಡ ಕುಳಗಳೇ ಮುಗ್ಗರಿಸಿದರು, ಬ್ಯಾಂಕ್ ಆಫ್ ಬಾಂಬೆ ಮುಳುಗಿತು. ಇಲ್ಲಿ ಹತ್ತಿಯ ಹೊಲ ಹಾಗೇ ಉಳಿಯಿತು, 1876–78ರ ಬರ ಬಂದಾಗ ಧಾರವಾಡ ಜಿಲ್ಲೆಯೂ ನರಳಿತು. ಹತ್ತಿಗಾಗಿ ಅಷ್ಟು ಕೇಳಿದ ರೈಲು ಗದಗಕ್ಕೆ ಬಂದದ್ದು 1884ರಲ್ಲಿ.