ಅರಿಶಿನ ಬಣ್ಣದ ಗೋಡೆ ಬೇಕೆಂದವರಿಗೆ

"ಅಕ್ಕಾ, ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಮೂರು ತಿಂಗಳಾಯಿತು. ಅಂತೂ ಮನೆ ಸಿಕ್ಕಿತು. ಆದರೆ ನಾಲ್ಕೂ ಗೋಡೆ ಬರೀ ಬಿಳಿ, ಆಸ್ಪತ್ರೆಯಲ್ಲಿ ಮಲಗಿದ ಹಾಗಿದೆ. ಹಾಸನದ ನಮ್ಮ ಮನೆಯ ಹಾಗೆ ಒಂದು ಕೋಣೆಗಾದರೂ ಅರಿಶಿನ ಬಣ್ಣ ಹೊಡೆಸಬೇಕು. ಬಾಡಿಗೆ ಮನೆಯಲ್ಲಿ ಬಿಡುತ್ತಾರಾ? ಪೇಂಟರ್ ಎಷ್ಟು ಕೇಳುತ್ತಾರೆ?" ಎಂದು ಬರೆದಿದ್ದೀರಿ.

ಹೊಡೆಸಬೇಡಿ, ನೀವೇ ಹೊಡೆಯಿರಿ. ಪೇಂಟರ್ ಕರೆದರೆ ಒಂದು ಕೋಣೆಗೇ ನೂರಾರು ಯೂರೋ ಆಗುತ್ತದೆ. ನಮ್ಮ ಕಟ್ಟಡದಲ್ಲಿ ಶಾಲೆಯ ಮೇಷ್ಟ್ರು, ಬ್ಯಾಂಕಿನವರು, ಎಲ್ಲರೂ ತಾವೇ ರೋಲರ್ ಹಿಡಿಯುತ್ತಾರೆ. ಇಲ್ಲಿ ಅದು ಅಡುಗೆ ಮಾಡಿದಷ್ಟೇ ಸಹಜ.

ಇನ್ನೊಂದು ಕಾರಣವೂ ಇದೆ. ನಾನು ಮೊದಲ ನಾಲ್ಕು ವರ್ಷ ಬಿಳಿ ಗೋಡೆಯ ನಡುವೆಯೇ ಕಳೆದೆ. ಹೇಗೂ ವಾಪಸ್ ಹೋಗುವವರು, ಸುಮ್ನೆ ಯಾಕೆ ಅಂತ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಆ ನಾಲ್ಕು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕೂತ ಹಾಗೆ ಹೋಯಿತು. ನಿಮಗೆ ಹಾಗಾಗುವುದು ಬೇಡ.

ಬಾಡಿಗೆಗೆ ಇರುವಷ್ಟು ದಿನ ಗೋಡೆಯ ಬಣ್ಣ ನಿಮ್ಮಿಷ್ಟ. ಬಿಟ್ಟು ಹೋಗುವಾಗಿನ ಮಾತು ಬೇರೆ. ಬಿಳಿ ಗೋಡೆಯ ಮನೆ ಪಡೆದು, ಕೆಂಪು, ಹಳದಿ, ನೀಲಿ ಬಳಿದು ಹಾಗೇ ಬಿಟ್ಟುಹೋದ ಬಾಡಿಗೆದಾರರು ನಷ್ಟ ತುಂಬಿಕೊಡಬೇಕು ಎಂದು 2013ರಲ್ಲಿ ಕಾರ್ಲ್ಸ್‌ರೂಹ ಊರಿನಲ್ಲಿರುವ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಹೇಳಿದೆ. ಅಂದರೆ ಹೊರಡುವ ಮುಂಚೆ ಮತ್ತೆ ಬಿಳಿಯನ್ನೋ ಅಂಥದೇ ತಿಳಿ ಬಣ್ಣವನ್ನೋ ಬಳಿಯಬೇಕು, ಇಲ್ಲದಿದ್ದರೆ ನಿಮ್ಮ ಅಡ್ವಾನ್ಸಿಗೆ ಕತ್ತರಿ ಬೀಳುತ್ತದೆ. ಆದರೆ ನಿಮಗೆ ಸಿಕ್ಕಾಗಲೇ ಗೋಡೆ ಹಳೆಯದಾಗಿ ಕೊಳೆಯಾಗಿತ್ತು, ಅದಕ್ಕೆ ಮಾಲೀಕರು ಯಾವ ಪರಿಹಾರವನ್ನೂ ಕೊಟ್ಟಿರಲಿಲ್ಲ ಎಂದರೆ, ಮಾಮೂಲಿ ಸುಣ್ಣಬಣ್ಣದ ಹೊಣೆಯನ್ನು ನಿಮ್ಮ ಮೇಲೆ ಹಾಕುವಂತಿಲ್ಲ. ಇದು ಅದೇ ನ್ಯಾಯಾಲಯದ 2015ರ ತೀರ್ಪು. ಹಾಗಾಗಿ ಬ್ರಷ್ ಮುಟ್ಟುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಕೀ ಕೊಟ್ಟಾಗ ಸಹಿ ಹಾಕಿದ ಕಾಗದವನ್ನೂ ಜೋಪಾನವಾಗಿಡಿ. ನನ್ನ ಹಳೆಯ ಮನೆಯ ಮಾಲೀಕರು ಇಲ್ಲದ ಕಲೆಗೆಲ್ಲ ದುಡ್ಡು ಕೇಳಿದಾಗ ಆ ಫೋಟೋಗಳೇ ನನ್ನನ್ನು ಕಾಪಾಡಿದ್ದು.

ಸಾಮಾನನ್ನು ಶನಿವಾರವೇ ತನ್ನಿ, ಭಾನುವಾರ ಅಂಗಡಿ ಬಾಗಿಲು. ಬಕೆಟ್ ಮೇಲೆ ಡೆಕ್‌ಕ್ರಾಫ್ಟ್ ಎಂದು ಬರೆದಿರುತ್ತದೆ. ಕೆಳಗಿನ ಬಣ್ಣವನ್ನು ಎಷ್ಟು ಚೆನ್ನಾಗಿ ಮುಚ್ಚುತ್ತದೆ ಎನ್ನುವುದರ ಲೆಕ್ಕ ಅದು. 1 ಅಂದರೆ ಎಲ್ಲಕ್ಕಿಂತ ಚೆನ್ನ, 4 ಅಂದರೆ ತೀರಾ ತೆಳು. ಅಗ್ಗ ಅಂತ 3ನೆಯದು ತಂದರೆ ಮೂರು ಕೋಟ್ ಹೊಡೆಯಬೇಕಾಗುತ್ತದೆ. 4 ಮೀಟರ್‌ಗೆ 3.5 ಮೀಟರ್ ಕೋಣೆಯ ಗೋಡೆಗಳಿಗೆ ಎರಡು ಕೋಟ್ ಅಂದರೆ ಸುಮಾರು 10 ಲೀಟರ್ ಬೇಕು. ಅರಿಶಿನ ಬಣ್ಣವನ್ನು ಮಾತ್ರ ಒಂದೇ ಸಲಕ್ಕೆ ಬಕೆಟ್‌ಗಟ್ಟಲೆ ತರಬೇಡಿ. ಚಿಕ್ಕ ಡಬ್ಬಿ ತಂದು ಗೋಡೆಯಲ್ಲಿ ಒಂದು ಮೊಳದಷ್ಟು ಬಳಿದು ಎರಡು ದಿನ ನೋಡಿ. ಹಾಸನದ ಬಿಸಿಲಿಗೆ ಹೊಳೆಯುವ ಹಳದಿ ಇಲ್ಲಿನ ನವೆಂಬರ್ ಬೆಳಕಿಗೆ ಸಾಸಿವೆಯ ಹಾಗೆ ಮಂಕಾಗುತ್ತದೆ. ಒಂದು ಹದ ತಿಳಿಯಾದದ್ದನ್ನೇ ಆರಿಸಿ.

ಗೋಡೆಯನ್ನು ಕೈಯಿಂದ ಸವರಿ ನೋಡಿ. ರವೆ ಉದುರಿಸಿದ ಹಾಗೆ ತರಿತರಿಯಾಗಿದೆಯಾ? ಹಾಗಿದ್ದರೆ ಅದು ರೌಫಾಸರ್, ನಡುವೆ ಮರದ ಹೊಟ್ಟು ಸೇರಿಸಿದ ಕಾಗದ. ಜರ್ಮನಿಯಲ್ಲಿ ಎಲ್ಲಿ ನೋಡಿದರೂ ಅದೇ. ಅದಕ್ಕೆ ಉಪ್ಪುಕಾಗದ ತಿಕ್ಕಬೇಡಿ, ಹರಿಯುತ್ತದೆ. ಬಟ್ಟೆಯಲ್ಲಿ ಧೂಳು ಒರೆಸಿ, ಮೊಳೆ ತೂತಿಗೆ ಪುಟ್ಟಿ ತುಂಬಿ, ಒಣಗಲು ಬಿಡಿ. ನೆಲಕ್ಕೆ ಪ್ಲಾಸ್ಟಿಕ್ ಬೇಡ, ಜಾರುತ್ತದೆ. ಅಡಿಯಲ್ಲಿ ಪದರ ಇರುವ ದಪ್ಪ ಬಟ್ಟೆಯಂಥ ಹಾಸು ಸಿಗುತ್ತದೆ, ಅದನ್ನು ಹಾಸಿ. ಕಿಟಕಿ, ಬಾಗಿಲಿನ ಅಂಚಿಗೆಲ್ಲ ಟೇಪ್ ಅಂಟಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಹೋಗಲಿ. ಕೆಲಸದ ಅಂದ ನಿಂತಿರುವುದೇ ಆ ಅರ್ಧ ದಿನದ ಮೇಲೆ.

ನಮ್ಮ ಮನೆಯಲ್ಲಿ ಯುಗಾದಿಗೆ ಮುಂಚೆ ಅಪ್ಪ ಸುಣ್ಣಕ್ಕೆ ನೀಲಿ ಬೆರೆಸಿ, ಕತ್ತಾಳೆ ನಾರಿನ ಕುಂಚದಲ್ಲಿ ಬಳಿಯುತ್ತಿದ್ದರು. ಹಸಿಯಿದ್ದಾಗ ಗೋಡೆ ಮಂಕಾಗಿ ಕಾಣುತ್ತಿತ್ತು. ಮಧ್ಯೆ ಊಟಕ್ಕೆ ಎದ್ದು ಹೋದರೂ ಸಂಜೆಗೆ ಎಲ್ಲ ಬೆಳ್ಳಗೆ ಒಂದಾಗುತ್ತಿತ್ತು. ಇಲ್ಲಿನ ಬಣ್ಣಕ್ಕೆ ಆ ಗುಣವಿಲ್ಲ. ನನ್ನ ಮೊದಲ ಗೋಡೆಯಲ್ಲಿ ನಾನು ಅಪ್ಪನ ಹಾಗೆಯೇ ನಡುವೆ ಬಿಟ್ಟು ಊಟಕ್ಕೆ ಹೋದೆ. ಬಂದು ಮುಂದುವರಿಸಿದೆ. ಬೆಳಗ್ಗೆ ನೋಡಿದರೆ ಗೋಡೆಯ ಉದ್ದಕ್ಕೂ ಸೀರೆಯ ಅಂಚಿನ ಹಾಗೆ ಒಂದು ಪಟ್ಟೆ! ಒಣಗಿದ ಅಂಚಿನ ಮೇಲೆ ಹಸಿ ಬಣ್ಣ ಕೂತರೆ ಹೀಗೆ ಆಗುತ್ತದೆ.

ಆದ್ದರಿಂದ ಒಂದು ಗೋಡೆ ಶುರು ಮಾಡಿದರೆ ಮುಗಿಸಿಯೇ ಏಳಿ. ಮೊದಲು ಮೂಲೆ, ಅಂಚುಗಳಿಗೆ ಬ್ರಷ್, ಅದು ಹಸಿಯಿರುವಾಗಲೇ ರೋಲರ್. ಕಿಟಕಿ ಪಕ್ಕದಿಂದ ಹೊರಟು ಒಳಕ್ಕೆ ಬನ್ನಿ. ರೋಲರನ್ನು ಜಾಲರಿಗೆ ಒತ್ತಿ ಹೆಚ್ಚಿನ ಬಣ್ಣ ಇಳಿಸಿ, ಮೇಲೆ ಕೆಳಗೆ, ಆಮೇಲೆ ಅಡ್ಡಡ್ಡ, ಕೊನೆಗೆ ಒಂದೇ ದಿಕ್ಕಿನಲ್ಲಿ ಹಗುರವಾಗಿ ಎಳೆಯಿರಿ. ಅರ್ಧ ಒಣಗಿದಾಗ ಅಲ್ಲಲ್ಲಿ ಮಚ್ಚೆ ಕಾಣುತ್ತದೆ. ಗಾಬರಿಯಾಗಿ ತೇಪೆ ಹಾಕಬೇಡಿ, ಅದೇ ಜಾಸ್ತಿ ಎದ್ದು ಕಾಣುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಗಂಟೆ ಕಾದು ಎರಡನೇ ಕೋಟ್ ಹೊಡೆಯಿರಿ.

ಕೊನೆಯ ಕೋಟ್ ಹಸಿಯಿರುವಾಗಲೇ ಟೇಪನ್ನು ಓರೆಯಾಗಿ, ನಿಧಾನವಾಗಿ ಬಿಡಿಸಿ. ನಾನು ಮರುದಿನ ಎಳೆದು ಒಂದು ಗೇಣು ಕಾಗದವನ್ನೇ ಕಿತ್ತುಕೊಂಡಿದ್ದೆ. ಉಳಿದ ಬಣ್ಣವನ್ನು ಉಪ್ಪಿನಕಾಯಿ ಬಾಟಲಿಗೆ ತುಂಬಿ, ಮುಚ್ಚಳದ ಮೇಲೆ ಬಣ್ಣದ ನಂಬರ್ ಬರೆದಿಡಿ. ಸೋಫಾ ತಾಗಿ ಗೋಡೆ ಕೆರೆದಾಗ ಬೇಕಾಗುತ್ತದೆ.

ಏಣಿ, ಉದ್ದ ಕೋಲಿನ ರೋಲರ್ ಕೊಳ್ಳಬೇಡಿ. ಎರಡೂ ನಮ್ಮ ನೆಲಮಾಳಿಗೆಯಲ್ಲಿವೆ. ಶುಕ್ರವಾರ ಸಂಜೆ ಆರರ ನಂತರ ನಾನು ಮನೆಯಲ್ಲೇ ಇರುತ್ತೇನೆ, ಬಂದು ತೆಗೆದುಕೊಂಡು ಹೋಗಿ.