ಸಿಪ್ಪೆ ಇರುವುದನ್ನು ಮಾತ್ರ ತಿನ್ನುತ್ತಿದ್ದ ಹುಡುಗ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಮಹೇಶನ ತಾಯಿ ಮೊದಲ ಸಲ ಆಪ್ತಸಲಹೆಗೆಂದು ನನ್ನ ಹತ್ತಿರ ಒಬ್ಬರೇ ಬಂದಿದ್ದರು. ಕೂತವರೇ ಹೇಳಿದರು: "ಮೇಡಂ, ಸಿಪ್ಪೆ ಇರೋದನ್ನ ಬಿಟ್ರೆ ನನ್ನ ಮಗ ಇನ್ನೇನೂ ತಿನ್ನಲ್ಲ."

ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ತಾನೇ ಕೆತ್ತಿಕೊಂಡ ಎಳನೀರು. ಇಷ್ಟೇ. ಮೊಟ್ಟೆ ಬೇಯುವಾಗ ಒಂಚೂರು ಬಿರುಕು ಬಿಟ್ಟರೂ ಹಿತ್ತಲಿಗೆ ಎಸೆಯುತ್ತಿದ್ದ. ಮನೆಯ ಮುದ್ದೆ, ಸಾರು ಮುಟ್ಟಿ ಎರಡು ತಿಂಗಳಾಗಿತ್ತು. ಊಟಕ್ಕೆ ಯಾರೋ ವಿಷ ಹಾಕುತ್ತಿದ್ದಾರೆ ಅನ್ನುವುದು ಅವನ ನಂಬಿಕೆ.

ವಯಸ್ಸು 22. ಐಟಿಐ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ವರ್ಷದ ಹಿಂದೆ ಮನೆಗೆ ಫೋನ್ ಮಾಡುವುದು ಕಡಿಮೆಯಾಯಿತು. ಆಮೇಲೆ ನಿದ್ದೆ ಕೆಟ್ಟಿತು. ರೂಮಿನವರು ತನ್ನ ಬಗ್ಗೆಯೇ ಪಿಸುಗುಡುತ್ತಾರೆ ಎಂದು ಜಗಳ ಮಾಡಿಕೊಂಡು ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಸ್ನಾನ ವಾರಕ್ಕೊಮ್ಮೆ, ಅದೂ ಬೈಸಿಕೊಂಡ ಮೇಲೆ. ಒಬ್ಬನೇ ಗೊಣಗುವುದು, ಇದ್ದಕ್ಕಿದ್ದಂತೆ ನಗುವುದು. ಮನೆಯವರು ತಾಯಿತ ಕಟ್ಟಿಸಿದ್ದರು, ಹರಕೆ ಹೊತ್ತಿದ್ದರು. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಹೆದರಿದಾಗ ಗೊತ್ತಿರುವ ಕಡೆಗೇ ಹೋಗುವುದು ಸಹಜ ಅಲ್ವಾ?

ಆದರೆ ಆಕೆ ನನ್ನ ಹತ್ತಿರ ಬಂದದ್ದು ಬೇರೊಂದು ಪ್ರಶ್ನೆಗೆ. ಇಂಥವರಿಗೆ ಬಣ್ಣ ರುಚಿ ಇಲ್ಲದ ಔಷಧಿ ಸಿಗುತ್ತೆ, ಕಾಫಿಗೆ ಬೆರೆಸಿ ಕೊಟ್ಟುಬಿಡಿ ಎಂದು ನೆಂಟರೊಬ್ಬರು ಹೇಳಿದ್ದರಂತೆ. "ಕೊಡ್ಲಾ ಮೇಡಂ?"

"ಊಟಕ್ಕೆ ಏನೋ ಬೆರೆಸ್ತಾರೆ ಅಂತ ಅವನು ಹೆದರಿದ್ದಾನೆ. ನೀವು ನಿಜವಾಗ್ಲೂ ಬೆರೆಸಿದ್ರೆ, ಅವನು ಹೇಳಿದ್ದೇ ಸರಿ ಅಂತಾಗುತ್ತಲ್ಲಮ್ಮ," ಅಂದೆ. ಆಕೆ ಸುಮಾರು ಹೊತ್ತು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಿದ್ದರು.

ಈ ಗುಟ್ಟಿನ ಔಷಧಿ ತುಂಬಾ ಮನೆಗಳಲ್ಲಿ ನಡೆಯುತ್ತದೆ. ಕೆಟ್ಟ ಮನಸ್ಸಿನಿಂದ ಯಾರೂ ಮಾಡುವುದಿಲ್ಲ. ಆದರೂ ಯೋಚಿಸಿ ನೋಡಿ. ಕಾಫಿ ಕುಡಿದ ಮೇಲೆ ಮೈ ಬಿಗಿದು ಕೈ ನಡುಗಿದರೆ, ಅದು ಮಾತ್ರೆಯ ಅಡ್ಡಪರಿಣಾಮ ಎಂದು ಅವನಿಗೆ ಹೇಗೆ ತಿಳಿಯಬೇಕು? ವಿಷ ಅಂತಲೇ ಅಂದುಕೊಳ್ಳುತ್ತಾನೆ. ಅಮ್ಮನ ಕೈಯ ಮೇಲಿದ್ದ ನಂಬಿಕೆಯೂ ಹೋಯಿತು.

ಬದಲಿಗೆ ಏನು ಮಾಡಬೇಕು ಎಂದು ಮಾತಾಡಿದೆವು. ವಾದ ಬೇಡ, ಹೂಂಗುಟ್ಟುವುದೂ ಬೇಡ. "ವಿಷನೂ ಇಲ್ಲ ಏನೂ ಇಲ್ಲ, ಹುಚ್ಚಾ ನಿಂಗೆ" ಅಂದರೆ ಅವನು ಬಾಗಿಲು ಹಾಕಿಕೊಳ್ಳುತ್ತಾನೆ. "ಹೌದು, ಪಕ್ಕದ ಮನೆಯವರದೇ ಕೆಲಸ" ಅಂದರೆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. "ನಂಗೆ ಹಂಗೆ ಕಾಣ್ತಿಲ್ಲ ಮಗ. ಆದ್ರೆ ನಿಂಗೆ ಭಯ ಆಗ್ತಿದೆ, ನಿದ್ದೆನೂ ಇಲ್ಲ. ನಿದ್ದೆಗಾದ್ರೂ ತೋರಿಸೋಣ ಬಾ" ಎನ್ನಲು ಹೇಳಿಕೊಟ್ಟೆ. ನಿದ್ದೆಯಿಲ್ಲದ ಸಂಕಟ ಅವನದೇ ಆಗಿತ್ತು. ಸುಳ್ಳು ಹೇಳಬೇಕಾಗಿರಲಿಲ್ಲ. ತೀರಾ ಕೈಮೀರಿದರೆ ಯಾವ ಹೊತ್ತಿಗಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ ಎಂದೂ ಬರೆದುಕೊಟ್ಟೆ.

ಹತ್ತು ದಿನದ ಮೇಲೆ ಮಹೇಶ ಬಂದ. ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತ. "ಇಬ್ರು ಮಾತಾಡ್ತಾರೆ. ನೋಡು, ಈಗ ಚಪ್ಪಲಿ ಬಿಟ್ಟ, ಈಗ ಕೂತ್ಕೊಂಡ ಅಂತ. ಕಾಮೆಂಟ್ರಿ ತರ." ಅದು ಮನಸ್ಸಿನ ಯೋಚನೆಯಲ್ಲ, ಕಿವಿಗೆ ಕೇಳುವ ದನಿ. ಸಾಯಿ ಅಂತಲೋ, ಯಾರಿಗಾದರೂ ಹೊಡಿ ಅಂತಲೋ ಹೇಳುತ್ತಾರಾ ಎಂದು ನೇರವಾಗಿ ಕೇಳಿದೆ. ಇಲ್ಲ ಅಂದ. ಆ ವಾರವೇ ಮನೋವೈದ್ಯರ ಹತ್ತಿರ ಕಳಿಸಿದೆ. ಕಾಯಿಲೆ ಇದೇ ಎಂದು ಹೇಳುವುದು ನನ್ನ ಕೆಲಸವಲ್ಲ.

ವೈದ್ಯರು ಸ್ಕಿಜೋಫ್ರೇನಿಯಾ ಎಂದರು. ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಮಾನಸಿಕ ಕಾಯಿಲೆ. ಸಿನಿಮಾದಲ್ಲಿ ತೋರಿಸುವ 'ಒಬ್ಬನೊಳಗೆ ಇಬ್ಬರು' ಇದಲ್ಲ. ಇದನ್ನು ಹಿಡಿದುಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಥೈರಾಯ್ಡ್, ಮೂರ್ಛೆರೋಗ, ಮಾದಕವಸ್ತು ಇಂಥ ಬೇರೆ ಕಾರಣ ಇದೆಯಾ ಎಂದು ನೋಡಲಷ್ಟೇ ಆ ಪರೀಕ್ಷೆಗಳು. ಉಳಿದದ್ದೆಲ್ಲ ಅವನ ಮಾತು, ಮನೆಯವರು ಕಂಡದ್ದು, ಎಷ್ಟು ಕಾಲದಿಂದ ಇದೆ ಎಂಬ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಂತೆ ಲಕ್ಷಣಗಳು ಕನಿಷ್ಠ 1 ತಿಂಗಳು ಇರಬೇಕು. ಅಮೆರಿಕದ ಮನೋವೈದ್ಯರ ಲೆಕ್ಕದಲ್ಲಿ ಒಟ್ಟು ತೊಂದರೆ 6 ತಿಂಗಳಾದರೂ ಇರಬೇಕು.

ತಾಯಿಗೆ ಬೇಕಾಗಿದ್ದು ಇದ್ಯಾವುದೂ ಅಲ್ಲ. "ನಾನೇನು ತಪ್ಪು ಮಾಡ್ದೆ?" ಏನೂ ಮಾಡಿಲ್ಲ. ಸಾಕಿದ ರೀತಿಯಿಂದ ಈ ಕಾಯಿಲೆ ಬರುವುದಿಲ್ಲ. ಮಹೇಶನ ದೊಡ್ಡಪ್ಪ ಒಬ್ಬರು ಹೀಗೇ ಇದ್ದು ಮನೆ ಬಿಟ್ಟು ಹೋದವರಂತೆ. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಇದ್ದರೆ ಅಪಾಯ ಜಾಸ್ತಿ. ಆದರೆ ಹಣೆಬರಹವೇನಲ್ಲ. ಅಪ್ಪ ಅಥವಾ ಅಮ್ಮನಿಗೆ ಇದ್ದರೂ 10 ಮಕ್ಕಳಲ್ಲಿ 9 ಮಂದಿಗೆ ಬರುವುದಿಲ್ಲ. ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಏರುಪೇರು ಒಂದು ಕಡೆ. ಬೆಂಗಳೂರಿನಲ್ಲಿ ಎರಡು ವರ್ಷ ಗಾಂಜಾ ಸೇದಿದ್ದೇನೆ ಎಂದು ಅವನೇ ಹೇಳಿದ. ಮೊದಲೇ ಒಳಗೆ ಅಪಾಯ ಇರುವವರಿಗೆ ಅದು ಬೆಂಕಿಗೆ ತುಪ್ಪ ಸುರಿದ ಹಾಗೆ.

ಮಾತ್ರೆಯನ್ನು ಅವನ ಕೈಗೇ ಕೊಡಿ, ಸ್ಟ್ರಿಪ್ ಅವನೇ ಒಡೆದು ನುಂಗಲಿ ಅಂದೆ. ಒಡೆಯದ ಸ್ಟ್ರಿಪ್ಪೂ ಒಂದು ಸಿಪ್ಪೆಯೇ ತಾನೆ! ಒಪ್ಪಿದ. ವಾರದಲ್ಲಿ ನಿದ್ದೆ ಬಂತು. ದನಿಗಳು ತಗ್ಗಲು ತಿಂಗಳ ಮೇಲಾಯಿತು. ತೂಕ ಏರಿತು. ಅದನ್ನು ವೈದ್ಯರಿಗೇ ಹೇಳಿ, ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ ಎಂದು ಎರಡೆರಡು ಸಲ ಹೇಳಿದೆ.

ಇಷ್ಟಾದ ಮೇಲೆ ಶುರುವಾಯಿತು ಅಪ್ಪನ ತಕರಾರು. "ದನಿ ನಿಂತಿದೆ ಅಂತಾನೆ, ಮತ್ಯಾಕೆ ದಿನವೆಲ್ಲ ಸುಮ್ನೆ ಕೂತಿರ್ತಾನೆ? ಸೋಮಾರಿ. ಮದ್ವೆ ಮಾಡಿದ್ರೆ ಸರಿಹೋಗ್ತಾನೆ." ನನ್ನ ಅನುಭವದಲ್ಲಿ ಮನೆಗಳು ಸೋಲುವುದು ಇಲ್ಲೇ. ಮಾತು, ಹುರುಪು, ಆಸೆ ಬತ್ತಿಹೋಗುವುದೂ ಇದೇ ಕಾಯಿಲೆಯ ಲಕ್ಷಣ. ಮಾತ್ರೆ ಇದಕ್ಕೆ ಅಷ್ಟಾಗಿ ತಾಗುವುದಿಲ್ಲ. ದಿನಾ ಚುಚ್ಚಿ ಮಾತಾಡುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ. ಮದುವೆ ಮಾತು ಸದ್ಯಕ್ಕೆ ಬಿಡಿ, ದಿನಕ್ಕೆ ಒಂದೇ ಒಂದು ಕೆಲಸ ಹಚ್ಚಿ ಅಂದೆ. ತೋಟಕ್ಕೆ ಮೋಟಾರು ಹಾಕಿ ಬರುವುದು ಎಂದಾಯಿತು. ಮೊದಲ ವಾರ ಎರಡು ದಿನ ಹೋದ.

ಆರನೇ ತಿಂಗಳಲ್ಲಿ ತಾಯಿ ಬಂದಿದ್ದರು. "ಮುದ್ದೆ ಉಣ್ತಾನೆ ಮೇಡಂ. ಆದ್ರೆ ಅವನ ತಟ್ಟೆಯ ಮೊದಲ ತುತ್ತು ನಾನು ತಿನ್ಬೇಕು. ತಿನ್ಲಾ, ಬೇಡ್ವಾ?"

ಸದ್ಯಕ್ಕೆ ತಿನ್ನಿ ಅಂದೆ.