ಇಂಪ್ಲಾಂಟ್‌ಗೆ ಮುಂಚೆ ಬೋನ್ ಗ್ರಾಫ್ಟ್ ನಿಜವಾಗಿಯೂ ಬೇಕಾ?

ಕೆಳಗಿನ ದವಡೆ ಹಲ್ಲು ಕೀಳಿಸಿ ಎರಡು ವರ್ಷ ಆಗಿದೆ, ಈಗ ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ನೆಟ್ಟು ಅದರ ಮೇಲೆ ಕೂರಿಸುವ ಕೃತಕ ಹಲ್ಲು) ಹಾಕಬೇಕಾದರೆ ಮೊದಲು ಬೋನ್ ಗ್ರಾಫ್ಟ್ (ಮೂಳೆ ಸಾಲದ ಕಡೆ ಮೂಳೆ ಅಥವಾ ಅದರಂಥ ವಸ್ತು ತುಂಬುವುದು) ಮಾಡಬೇಕು ಅಂತಿದ್ದಾರೆ, ಅದು ಬೇಕೇಬೇಕಾ ಇಲ್ಲ ಸುಮ್ನೆ ಖರ್ಚಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ಇದೇ ಹಲ್ಲು, ಇದೇ ಅನುಮಾನ ನನಗೂ ಇತ್ತು. ಮೊದಲು ಒಂದು ಮಾತು ಹೇಳಿ: ನಿಮಗೆ ಸಿಬಿಸಿಟಿ ಸ್ಕ್ಯಾನ್, ಅಂದರೆ ದವಡೆಯನ್ನು ಎಲ್ಲಾ ಕಡೆಯಿಂದ ತೋರಿಸುವ 3ಡಿ ಎಕ್ಸ್‌ರೇ, ಮಾಡಿಸಿದ್ದಾರಾ? ಮಾಡಿಸಿಲ್ಲ ಅಂದರೆ ಯಾವುದಕ್ಕೂ ಹೂಂ ಅನ್ನಬೇಡಿ.

ನಾನು ಮೊದಲು ತೋರಿಸಿದ ಕಡೆ ಒಪಿಜಿ ಎಕ್ಸ್‌ರೇ ಮಾತ್ರ ನೋಡಿ, ಮೂಳೆ ಚೆನ್ನಾಗಿದೆ, ಮುಂದಿನ ವಾರವೇ ಹಾಕೋಣ ಅಂದರು. ಒಪಿಜಿ ಅಂದರೆ ಇಡೀ ದವಡೆಯನ್ನು ಚಪ್ಪಟೆಯಾಗಿ ಬಿಡಿಸಿಟ್ಟ ಚಿತ್ರ. ಮೂಳೆಯ ಎತ್ತರ ಕಾಣುತ್ತದೆ, ಅದೂ ಇರುವುದಕ್ಕಿಂತ ಸ್ವಲ್ಪ ದೊಡ್ಡದಾಗಿ. ಅಗಲ ಕಾಣುವುದೇ ಇಲ್ಲ. ಮನಸ್ಸು ಒಪ್ಪದೆ ಇನ್ನೊಬ್ಬರ ಹತ್ತಿರ ಹೋದೆ. ಅವರು ಸಿಬಿಸಿಟಿ ಮಾಡಿಸಿ, ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ದವಡೆಯನ್ನು ಪರದೆಯ ಮೇಲೆ ಹೋಳು ಹೋಳಾಗಿ ತೋರಿಸಿದರು. ಬುಡದಲ್ಲಿ ದಪ್ಪಗಿದ್ದ ಮೂಳೆ ಮೇಲಕ್ಕೆ ಬರುತ್ತಾ ಬರುತ್ತಾ ಸವೆದ ಕತ್ತಿಯ ಅಂಚಿನ ಹಾಗಿತ್ತು. ಮೌಸ್ ಎಳೆದು ಅಗಲ ಅಳೆದರು, 4 ಮಿ.ಮೀ. ಬಂತು. ಹಾಕಬೇಕಿದ್ದ ಸ್ಕ್ರೂನ ದಪ್ಪವೇ 4 ಮಿ.ಮೀ.! ಅದರ ಎರಡೂ ಬದಿಗೆ ಒಂದು, ಒಂದೂವರೆ ಮಿ.ಮೀ. ಮೂಳೆ ಉಳಿಯಬೇಕು, ಅಂದರೆ 6-7 ಮಿ.ಮೀ. ಬೇಕು. ಗ್ರಾಫ್ಟ್ ಯಾಕೆ ಅಂತ ನಾನು ಮತ್ತೆ ಕೇಳಲಿಲ್ಲ.

ಹಲ್ಲು ಹೋದ ಜಾಗದ ಮೂಳೆ ಕರಗುತ್ತದೆ. ಮೊದಲ ವರ್ಷದಲ್ಲೇ ಅಗಲದ ಅರ್ಧದಷ್ಟು ಹೋಗಬಹುದು, ಅದರಲ್ಲೂ ಜಾಸ್ತಿ ಮೊದಲ 3 ತಿಂಗಳಲ್ಲಿ, ಕೆನ್ನೆಯ ಕಡೆಯಿಂದ. ಕಿತ್ತ ದಿನವೇ ಆ ಗುಳಿಗೆ ಗ್ರಾಫ್ಟ್ ತುಂಬಿಸಿದ್ದರೆ ಇಷ್ಟು ಕರಗುತ್ತಿರಲಿಲ್ಲ. ನನಗೆ ಆಗ ಯಾರೂ ಹೇಳಲಿಲ್ಲ, ಆ ಬೇಸರ ಇವತ್ತಿಗೂ ಇದೆ.

ಅಗಲ ಇಲ್ಲದಿದ್ದರೆ ಸಣ್ಣ ಸ್ಕ್ರೂ ತಗೊಂಡು ಇನ್ನೂ ಆಳಕ್ಕೆ ಇಳಿಸಬಹುದಲ್ವಾ ಅಂತ ನಾನೂ ಕೇಳಿದ್ದೆ. ಆಗ ಅವರು ಅದೇ ಹೋಳಿನ ಕೆಳಗಡೆ ಒಂದು ಪುಟ್ಟ ಕಪ್ಪು ಗುಂಡನೆಯ ಗುರುತು ತೋರಿಸಿದರು. ಕೆಳತುಟಿ, ಗದ್ದಕ್ಕೆ ಹೋಗುವ ನರದ ದಾರಿ ಅದು. ಸ್ಕ್ರೂ ತುದಿಗೂ ಅದಕ್ಕೂ ಕನಿಷ್ಠ 2 ಮಿ.ಮೀ. ಅಂತರ ಇಡುತ್ತಾರೆ. ನರಕ್ಕೆ ಪೆಟ್ಟಾದರೆ ತುಟಿ ಮರಗಟ್ಟಿ ಹಾಗೇ ಉಳಿದುಬಿಡಬಹುದು. (ಮೇಲಿನ ದವಡೆಯಾದರೆ ಈ ನರದ ಬದಲು ಸೈನಸ್ ಅಡ್ಡ ಬರುತ್ತದೆ.)

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಪ್ಲಾನಿಂಗ್ ಶುರುವಾಗುವುದು ಸ್ಕ್ರೂ ಮೇಲೆ ಕೂರುವ ಕ್ಯಾಪ್‌ನಿಂದ, ಅಂದರೆ ಕೃತಕ ಹಲ್ಲಿನಿಂದ. ಎದುರಿನ ಹಲ್ಲಿಗೆ ಸರಿಯಾಗಿ ಕೂರುವ ಹಾಗೆ ಮೊದಲು ಕಂಪ್ಯೂಟರ್‌ನಲ್ಲಿ ಹಲ್ಲು ಇಟ್ಟರು, ಆಮೇಲೆ ಅದರ ಕೆಳಗೆ ಸ್ಕ್ರೂ, ಕೊನೆಗೆ ಎಲ್ಲಿ ಎಷ್ಟು ಮೂಳೆ ಸಾಲದು ಅಂತ ಲೆಕ್ಕ. ಮೂಳೆ ಇರುವ ಕಡೆ ಸ್ಕ್ರೂ ನೆಟ್ಟು ಆಮೇಲೆ ಹಲ್ಲು ಹೊಂದಿಸಲು ಹೋದರೆ ಹಲ್ಲು ಓರೆಯಾಗಿ, ಸಂದಿಗೆ ಬ್ರಷ್ಷೂ ಹೋಗದೆ ವಸಡು ಊದುತ್ತದೆ.

ಗ್ರಾಫ್ಟ್ ಯಾವುದರದ್ದು ಅಂತ ಮೊದಲೇ ಕೇಳಿ. ನಮ್ಮದೇ ದವಡೆಯಿಂದ ತೆಗೆದದ್ದು, ದಾನಿಯ ಮೂಳೆ, ಹಸುವಿನ ಮೂಳೆಯಿಂದ ಮಾಡಿದ್ದು, ಕೃತಕವಾಗಿ ಮಾಡಿದ್ದು, ಎಲ್ಲವೂ ಇವೆ; ಕೆಲವರಿಗೆ ಕೆಲವು ಬೇಡವಿರಬಹುದು. ನನಗೆ ಉಪ್ಪಿನ ಹರಳಿನಂಥ ಪುಡಿ ತುಂಬಿ, ಮೇಲೆ ತೆಳುವಾದ ಪೊರೆ ಹಾಸಿ ಹೊಲಿಗೆ ಹಾಕಿದರು. ವಸಡು ಬೇಗ ಬೆಳೆಯುತ್ತದೆ, ಮೂಳೆ ನಿಧಾನ. ಪೊರೆ ಇಲ್ಲದಿದ್ದರೆ ವಸಡೇ ಒಳಗೆ ನುಗ್ಗಿ ಜಾಗ ತುಂಬಿಬಿಡುತ್ತದೆ. ಆಮೇಲೆ 5 ತಿಂಗಳು ಕಾದು, ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಸ್ಕ್ರೂ ಹಾಕಿ, ಅದು ಮೂಳೆಗೆ ಬೆಸೆಯಲು ಮತ್ತೆ 3 ತಿಂಗಳು. ಕಾಯುವುದೇ ಕಷ್ಟ, ನೋವು ನಾನು ಹೆದರಿದಷ್ಟು ಇರಲಿಲ್ಲ.

ಸಿಗರೇಟು ಸೇದುವವರಾದರೆ ಗ್ರಾಫ್ಟ್ ಕೂಡಿಕೊಳ್ಳದೆ ಹೋಗುವ ಸಾಧ್ಯತೆ ಜಾಸ್ತಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೂ ಅಷ್ಟೇ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಅದನ್ನು ಖಂಡಿತ ಹೇಳಿ, ಅಂಥವರಲ್ಲಿ ದವಡೆ ಮೂಳೆಯ ಗಾಯ ಮಾಯದೆ ಕೊಳೆಯುವುದುಂಟು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನೀವಾಗೇ ನಿಲ್ಲಿಸಬೇಡಿ. ಸ್ಕ್ಯಾನ್ ಮಾಡಿಸಿದ ಮೇಲೆ ಅಗಲ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.